ದಪ್ಪತಂತಿಯ ಒಂದು ತಿಂಗಳು

ನನ್ನ ತಂಗಿಗೆ ನಾನಿಟ್ಟ ಹೆಸರು ದಪ್ಪತಂತಿ. ಅವಳು ನುಡಿಸುವುದು ಬೇಸ್ ಗಿಟಾರು. ಮಾಮೂಲಿ ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ನಾಲ್ಕೇ. ಆದರೆ ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಸೈಕಲ್ ಬ್ರೇಕಿನ ತಂತಿಯನ್ನೂ ಮೀರಿಸುತ್ತದೆ. ಅದರ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಹಾಡು ಕೇಳಲು ಕೂತ ನೂರು ಜನರಲ್ಲಿ ತೊಂಬತ್ತೆಂಟು ಮಂದಿಗೆ ಅಂಥ ವಾದ್ಯವೊಂದು ವೇದಿಕೆಯ ಮೇಲಿದೆ ಎಂಬುದೇ ಗೊತ್ತಿರುವುದಿಲ್ಲ. ಉಳಿದ ಇಬ್ಬರು ನಾನು ಮತ್ತು ಅಮ್ಮ.

ನಾನು ಫ್ರಿಜ್ ರಿಪೇರಿಯವನು. ಮೂರನೇ ಮಹಡಿಯಲ್ಲಿ ನಮ್ಮ ಮೂವರ ಮನೆ, ಅದೇ ಕಟ್ಟಡದ ಕೆಳಗೆ ನನ್ನ ಅಂಗಡಿ. ಫೋನಿನಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿದರೆ ಸಾಕು, ಕಾಯಿಲೆ ಏನೆಂದು ಕೂತಲ್ಲಿಂದಲೇ ಹೇಳುತ್ತೇನೆ. ಈ ಜಂಬವನ್ನು ಮೊದಲೇ ಕೊಚ್ಚಿಕೊಂಡುಬಿಡುತ್ತೇನೆ, ಯಾಕೆಂದರೆ ಅದು ಮುರಿದುಬಿದ್ದ ಕಥೆಯನ್ನೂ ನಾನೇ ಹೇಳಬೇಕಾಗಿದೆ.

ತಂಗಿಯ ಕಿವಿ ಚಿಕ್ಕಂದಿನಿಂದಲೇ ವಿಚಿತ್ರ. ಬಸ್ಸು ಹತ್ತಿದರೆ ನಾವೆಲ್ಲ ಕಿಟಕಿ ಪಕ್ಕದ ಜಾಗಕ್ಕೆ ಕಿತ್ತಾಡುತ್ತಿದ್ದೆವು, ಅವಳು ಮಾತ್ರ ಇಂಜಿನ್ ಪಕ್ಕದ ಬಿಸಿ ಸೀಟೇ ಬೇಕೆಂದು ಹಟ ಹಿಡಿಯುತ್ತಿದ್ದಳು. ಕಟ್ಟಡದ ನೀರಿನ ಪಂಪು ಶುರುವಾದರೆ ಓಡಿಹೋಗಿ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು. ಕಿವಿನೋವೇನೋ ಎಂದು ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೂ ಉಂಟು. ಕಾಲೇಜಿನ ವಾದ್ಯಗೋಷ್ಠಿಯಲ್ಲಿ ಯಾರಿಗೂ ಬೇಡವಾದ ಬೇಸ್ ಗಿಟಾರೊಂದು ಮೂಲೆ ಸೇರಿತ್ತು, ಇವಳು ಅದನ್ನೇ ಎತ್ತಿಕೊಂಡಳು. ಇವಳ ಬೆರಳುಗಳೋ ಪುಟ್ಟವು. ತಿಂಗಳಾನುಗಟ್ಟಲೆ ಬೊಬ್ಬೆ ಎದ್ದವು, ಒಡೆದವು, ಕೊನೆಗೆ ಗಟ್ಟಿಯಾದವು. ಅಂದಿನಿಂದ ಇಪ್ಪತ್ತೆರಡು ವರ್ಷ ಅವಳು ಬೇರೆಯವರ ಹಿಂದೆ ನಿಂತು ನುಡಿಸಿದಳು. ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ, ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ. ಕೊನೆಯ ಹನ್ನೊಂದು ವರ್ಷ ಒಬ್ಬರೇ ಗಾಯಕರ ತಂಡದಲ್ಲಿ. ಫೋಟೋ ತೆಗೆದರೆ ಅವರ ತೋಳಿನ ಹಿಂದೆ ಇವಳ ಅರ್ಧ ಮುಖ ಕಾಣುತ್ತದೆ.

ಅಂಥವಳು ಒಂದು ದಿನ ಗಾಯಕರ ಮುಂದೆ ನಿಂತು, ನನ್ನದೇ ಒಂದು ತುಣುಕು ಮಾಡಬೇಕು, ಒಂದು ತಿಂಗಳು ರಜೆ ಬೇಕು ಎಂದಳಂತೆ. ಹಾಡುವವರಿಲ್ಲ, ಡ್ರಮ್ಮಿಲ್ಲ, ಕೀಬೋರ್ಡಿಲ್ಲ, ಬರೀ ಬೇಸ್. ನಾಲ್ಕು ನಿಮಿಷದ ಒಂದೇ ಒಂದು ತುಣುಕನ್ನು ತಾನೇ ಮಾಡಿ, ತಾನೇ ಇಂಟರ್ನೆಟ್ಟಿಗೆ ಹಾಕುವುದು. ಇದಕ್ಕೆ ಅವರ ಕಡೆ ಸಿಂಗಲ್ ಎನ್ನುತ್ತಾರೆ. ಆಲ್ಬಮ್ ಗೊಂಚಲಾದರೆ ಇದು ಬಿಡಿಹಣ್ಣು.

ಗಾಯಕರು ನಕ್ಕರಂತೆ. "ಬರೀ ಅಡಿಪಾಯ ನೋಡೋಕೆ ಯಾರು ಬರ್ತಾರಮ್ಮಾ? ಹೋಗು, ಆಸೆ ತೀರಿಸ್ಕೊ. ಆಗ್ಲಿಲ್ಲ ಅಂದ್ರೆ ಒಂದನೇ ತಾರೀಕು ವಾಪಸ್ ಬಾ, ನಿನ್ನ ಜಾಗ ಇದ್ದೇ ಇರುತ್ತೆ."

ಆ ಕೊನೆಯ ಮಾತೇ ಅವಳಿಗೆ ಚುಚ್ಚಿದ್ದು. ಮನೆಗೆ ಬಂದು ಊಟದ ಮೇಜಿನ ಮುಂದೆ ನಮ್ಮಿಬ್ಬರಿಗೂ ಹೇಳಿದಳು: "ಇದಕ್ಕೆ ಮುಂಚೆ ಎರಡು ಸಲ ಶುರು ಮಾಡಿ ಬಿಟ್ಟಿದ್ದೀನಿ. ಈ ಸಲ ನನ್ನ ಕೈಲಿ ಒಂದು ಟ್ಯೂನ್ ತಾನಾಗೇ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ವಾಪಸ್ ಹೋಗ್ತೀನಿ, ಇನ್ಯಾವತ್ತೂ ಇದರ ಸುದ್ದಿ ಎತ್ತಲ್ಲ."

ನಲವತ್ತೊಂದು ವರ್ಷದ ಹೆಂಗಸು ಹಾಗೆ ಹೇಳಿದರೆ ತಮಾಷೆಯಲ್ಲ. ಅಮ್ಮ ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು, ಅದು ಅಮ್ಮನ ಉತ್ತರ.

ಮೊದಲ ಹತ್ತು ದಿನದಲ್ಲೇ ಟ್ಯೂನ್ ಹುಟ್ಟಿತು. ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ಕೋಣೆ ಅವಳದು. ಒಂದು ಮಂಚ, ಒಂದು ಸ್ಟೂಲು, ಹಾಲಿನ ಕ್ರೇಟಿನಷ್ಟು ದೊಡ್ಡ ಒಂದು ಸ್ಪೀಕರು. ನಾನು ಊಟಕ್ಕೆ ಮೇಲೆ ಬಂದಾಗ ಬಾಗಿಲ ಸಂದಿನಿಂದ ಕೇಳಿದೆ. ಸುಳ್ಳು ಯಾಕೆ ಹೇಳಲಿ, ಕೈಯಲ್ಲಿದ್ದ ಚಪ್ಪಲಿ ಕೈಯಲ್ಲೇ ಉಳಿಯಿತು. ನಿಧಾನವಾಗಿ ಮೆಟ್ಟಿಲಿಳಿದಂತೆ ಸ್ವರಗಳು ಇಳಿಯುತ್ತಿದ್ದವು. ಪ್ರತಿ ಮೆಟ್ಟಿಲಲ್ಲೂ ಏನೋ ಒಂದು ಸಣ್ಣಗೆ ಮಿಡಿಯುತ್ತಿತ್ತು, ಉಸಿರಾಡಿದ ಹಾಗೆ. ಇಷ್ಟು ವರ್ಷ ಇವಳು ಇದನ್ನೆಲ್ಲಿ ಬಚ್ಚಿಟ್ಟಿದ್ದಳು ಎನಿಸಿತು.

ಹದಿಮೂರನೇ ದಿನ ಸ್ಟುಡಿಯೋಗೆ ಹೋದಳು. ಅಲ್ಲಿ ರೆಕಾರ್ಡ್ ಮಾಡುವ ಹಿರಿಯರನ್ನು ಎಲ್ಲರೂ 'ಶ್' ಮಾಸ್ಟರ್ ಎನ್ನುತ್ತಾರೆ. ನಲವತ್ತು ವರ್ಷದಿಂದ ಎಲ್ಲರಿಗೂ ಶ್ ಎನ್ನುತ್ತಲೇ ಬಂದು ಅವರಿಗೆ ಆ ಹೆಸರು ಅಂಟಿಕೊಂಡಿದೆ. ಸಂಜೆ ವಾಪಸ್ ಬಂದವಳ ಮುಖ ಊದಿಕೊಂಡಿತ್ತು.

"ಏನಾಯ್ತೇ?"

"ಸತ್ತುಹೋಯ್ತು ಅಣ್ಣ. ಅದೇ ಸ್ವರ, ಅದೇ ಬೆರಳು. ಅಲ್ಲಿ ನುಡಿಸಿದ್ರೆ ಜೀವಾನೇ ಇಲ್ಲ."

ನನ್ನ ತಲೆಗೆ ಹುಳ ಹೊಕ್ಕಿತು. ಮನೆಯಲ್ಲಿ ಓಡುವ ಯಂತ್ರ ಅಂಗಡಿಗೆ ತಂದ ಕೂಡಲೇ ನಿಲ್ಲುವುದು, ಅಂಗಡಿಯಲ್ಲಿ ಓಡುವುದು ಗಿರಾಕಿಯ ಮನೆಯಲ್ಲಿ ನಿಲ್ಲುವುದು ನನಗೆ ದಿನನಿತ್ಯದ ಗೋಳು. ಅದಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಪ್ಲಗ್ಗು, ನೆಲದ ಓರೆ, ಗೋಡೆಗೂ ಅದಕ್ಕೂ ಇರುವ ಅಂತರ, ಏನೋ ಒಂದು. ಟ್ಯೂನಿಗೂ ಕಾರಣ ಇರಲೇಬೇಕಲ್ಲ.

"ಅಲ್ಲಿ ಏನೇನು ಮಾಡಿದ್ರು, ಒಂದೂ ಬಿಡದೆ ಹೇಳು."

"ಏನಿಲ್ಲ. ಶ್ರುತಿ ನೋಡೋ ಮಷೀನ್ ಹಾಕಿದ್ರು. ನಾಲ್ಕೂ ತಂತಿ ಒಂಚೂರು ಮೇಲಿದೆ ಅಂದ್ರು, ಇಳಿಸಿದೆ. ಅಷ್ಟೇ."

"ನಾಲ್ಕೂ ಒಂದೇ ಅಳತೆಗೆ ಮೇಲಿತ್ತಾ?"

"ಹೂಂ. ಒಂದು ಸ್ವರಕ್ಕೂ ಪಕ್ಕದ್ದಕ್ಕೂ ನಡುವೆ ಮೂರರಲ್ಲಿ ಒಂದು ಪಾಲು."

ಮೂರು ದಿನ ಬಿಟ್ಟು ಮತ್ತೆ ಹೋದಳು. ಮತ್ತೆ ನಾಲ್ಕೂ ತಂತಿ ಮೇಲೆ, ಅದೇ ಮೂರನೇ ಒಂದು ಪಾಲು. ಮತ್ತೆ ಇಳಿಸಿದರು, ಮತ್ತೆ ಟ್ಯೂನ್ ಸತ್ತಿತು. ಮನೆಯಲ್ಲಿ ಅವಳು ಮಷೀನ್ ಮುಟ್ಟುವುದಿಲ್ಲ, ಕಿವಿಯಲ್ಲೇ ಶ್ರುತಿ ಮಾಡುತ್ತಾಳೆ. ಕಿವಿ ತಪ್ಪಿದರೆ ಒಂದು ದಿನ ಮೇಲಾಗಬೇಕು, ಒಂದು ದಿನ ಕೆಳಗಾಗಬೇಕು. ಎರಡು ಸಲವೂ ಅಷ್ಟೇ ಪ್ರಮಾಣದಲ್ಲಿ ತಪ್ಪುವುದು ಎಂದರೇನು? ನಾನು ತಲೆ ಕೆರೆದುಕೊಂಡೆ.

ಅಷ್ಟೇ ಅಲ್ಲ, ಮನೆಯಲ್ಲೂ ಟ್ಯೂನಿಗೆ ಮೂಡ್ ಇತ್ತು. ಇದ್ದಕ್ಕಿದ್ದಂತೆ "ಹೋಯ್ತು" ಎಂದು ಕೈಬಿಡುತ್ತಿದ್ದಳು. ಕಾಲು ಗಂಟೆಯ ನಂತರ "ಬಂತು" ಎನ್ನುತ್ತಿದ್ದಳು. ಬಂದದ್ದು, ಹೋದದ್ದು ಎಲ್ಲವನ್ನೂ ನನ್ನ ಹಳೆಯ ರಿಪೇರಿ ಚೀಟಿಗಳ ಹಿಂಭಾಗದಲ್ಲಿ ಬರೆದಿಡಲು ಶುರುಮಾಡಿದೆ. ಐದು ದಿನದ ಚೀಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಅಮ್ಮ ಅಡುಗೆಮನೆಯಲ್ಲಿ ಓಡಾಡುವಾಗ ಟ್ಯೂನ್ ಬರುತ್ತದೆ, ಅಮ್ಮ ಮಧ್ಯಾಹ್ನ ಮಲಗಿದಾಗ ಹೋಗುತ್ತದೆ.

ಇದನ್ನು ನಾನು ಬಾಯಿಬಿಟ್ಟು ಹೇಳಬಾರದಿತ್ತು. ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ಮರುದಿನದಿಂದ ಮಧ್ಯಾಹ್ನದ ನಿದ್ದೆ ಬಿಟ್ಟು, ಹೊಲಿಗೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕೂತಳು.

"ಬಂತೇನೇ ಪುಟ್ಟಿ?" ಎಂದು ಗೋಡೆಯಾಚೆಯಿಂದ ಕೂಗುವಳು.

"ಇಲ್ಲಮ್ಮ."

"ಇನ್ನೊಂಚೂರು ಹತ್ತಿರ ಕೂತ್ಕೊಳ್ಲಾ?"

ಎರಡು ಮಧ್ಯಾಹ್ನ ಅಮ್ಮ ಅಲ್ಲಾಡದೆ ಕೂತರೂ ಟ್ಯೂನ್ ಬರಲಿಲ್ಲ. ಅಮ್ಮನಿಗೆ ಬೇಜಾರಾಯಿತು, ನನ್ನ ಮರ್ಯಾದೆ ಮಣ್ಣುಪಾಲಾಯಿತು.

ಗುಟ್ಟು ಗೊತ್ತಾದದ್ದು ಇಪ್ಪತ್ತಾರನೇ ತಾರೀಕು ಬೆಳಗ್ಗೆ. ನಮ್ಮ ಮನೆಯ ಫ್ರಿಜ್ಜು ಒಂದೇ ಬಾಗಿಲಿನ ಹಳೆಯ ಮುದುಕ. ಅಂಗಡಿಯಲ್ಲಿ ಬಿದ್ದಿದ್ದ ಕಂಪ್ರೆಸರ್, ಅಂದರೆ ಗುಂಯ್‌ಗುಡುತ್ತ ತಂಪು ಮಾಡುವ ಮೋಟಾರು, ಹಾಕಿ ಎಂಟು ವರ್ಷದ ಹಿಂದೆ ನಾನೇ ಅದಕ್ಕೆ ಜೀವ ಕೊಟ್ಟಿದ್ದೆ. ಅಂದು ತಂಗಿ ಒಳಗೆ ನುಡಿಸುತ್ತಿದ್ದಳು. ಐಸು ಕೆರೆಯೋಣವೆಂದು ನಾನು ಫ್ರಿಜ್ಜಿನ ಪ್ಲಗ್ ಎಳೆದೆ.

"ಅಣ್ಣಾ! ಏನು ಮಾಡ್ದೆ?" ಒಳಗಿಂದ ಕಿರುಚಿದಳು.

"ನಾನೇನು ಮಾಡ್ದೆ?"

"ಬಿದ್ದುಹೋಯ್ತು. ನಡುವಲ್ಲಿ ಬಿದ್ದುಹೋಯ್ತು."

ನಾನು ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದೆ. ಗೋಡೆಯನ್ನು ನೋಡಿದೆ. ಫ್ರಿಜ್ಜಿನ ಬೆನ್ನಿಗೂ ಅವಳ ಕೋಣೆಗೂ ನಡುವೆ ಇದ್ದದ್ದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಪ್ಲಗ್ ವಾಪಸ್ ಹಾಕಿ, ಕಂಪ್ರೆಸರ್ ಶುರುವಾಗುವ ತನಕ ಕಾದು, "ಈಗ ನುಡಿಸು" ಎಂದೆ.

ನುಡಿಸಿದಳು. ಆ ಮೆಟ್ಟಿಲು, ಆ ಮಿಡಿತ, ಎಲ್ಲವೂ ಹಾಗೇ ಎದ್ದು ಬಂತು.

ಕಂಪ್ರೆಸರ್ ಅದುರುವುದು ಸೆಕೆಂಡಿಗೆ ನೂರು ಸಲ. ಅದು ಕರೆಂಟಿನ ಲೆಕ್ಕ, ನನ್ನ ಕಸುಬಿನಲ್ಲಿ ಎಲ್ಲರಿಗೂ ಬಾಯಿಪಾಠ. ಅವಳ ಗಿಟಾರಿನ ನಾಲ್ಕನೆಯ, ಎಲ್ಲಕ್ಕಿಂತ ತೆಳು ತಂತಿ ಅದುರಬೇಕಾದ್ದು ತೊಂಬತ್ತೆಂಟು ಸಲ ಎಂದು ಅವಳು ಹೇಳಿದಳು. ಆ ತಂತಿಯನ್ನು ಗೊತ್ತಿಲ್ಲದೆಯೇ ಫ್ರಿಜ್ಜಿಗೆ ಶ್ರುತಿ ಮಾಡಿದ್ದಳು, ಉಳಿದ ಮೂರನ್ನು ಅದಕ್ಕೆ ಹೊಂದಿಸಿದ್ದಳು. ಮೂರನೇ ಒಂದು ಪಾಲು ಬಂದದ್ದು ಅಲ್ಲಿಂದ. ಅಮ್ಮ ಓಡಾಡುವಾಗ ಬಾಗಿಲು ತೆಗೆದು ಹಾಕುತ್ತಾಳೆ, ಆಗ ಕಂಪ್ರೆಸರ್ ಓಡುತ್ತದೆ. ಅಮ್ಮ ಮಲಗಿದರೆ, ಇಲ್ಲವೇ ಅಲ್ಲಾಡದೆ ಕೂತರೆ, ಒಳಗೆ ತಣ್ಣಗಾಗಿ ಅದೂ ಮಲಗುತ್ತದೆ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಇಡೀ ಟ್ಯೂನಿನಲ್ಲಿ ಆ ತೆಳು ತಂತಿಯನ್ನು ಅವಳು ಎಡಗೈ ಬೆರಳೊತ್ತದೆ ಬರಿದಾಗಿ ಒಂದು ಸಲವೂ ಮೀಟುತ್ತಿರಲಿಲ್ಲ. ಯಾಕೆ ಮೀಟಬೇಕು? ಆ ಸ್ವರವನ್ನು ಗೋಡೆಯಾಚೆಯಿಂದ ಫ್ರಿಜ್ಜು ಹಿಡಿದುಕೊಂಡೇ ಇತ್ತಲ್ಲ.

ಎಂಟು ವರ್ಷದಿಂದ ನನ್ನ ಮನೆಯಲ್ಲಿ, ನಾನೇ ಜೋಡಿಸಿದ ಯಂತ್ರದ ಸದ್ದು ನನ್ನ ಕಿವಿಗೇ ಬೀಳಲಿಲ್ಲ. ಜಂಬ ಮುರಿಯಿತು ಎಂದೆನಲ್ಲ, ಇದೇ. ಆದರೆ ಆ ಹೊತ್ತಿನಲ್ಲಿ ನನಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಅಂಥ ಗುಟ್ಟು ಬಯಲಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ನಿನ್ನ ಹೊಸ ಗಾಯಕರು ಬಹಳ ಒಳ್ಳೆಯವರು ಕಣೇ," ಎಂದೆ. "ಬಾಗಿಲು ತೆಗೆದ್ರೆ ಲೈಟ್ ಹಾಕ್ತಾರೆ."

ಅವಳು ನಗಲಿಲ್ಲ. ಗಿಟಾರನ್ನು ಮಂಚದ ಮೇಲಿಟ್ಟು ಬಂದು ಅಡುಗೆಮನೆಯ ನೆಲದ ಮೇಲೆ ಕೂತಳು.

"ಇದೂ ನಂದಲ್ಲ ಹಾಗಾದ್ರೆ. ಇಪ್ಪತ್ತೆರಡು ವರ್ಷ ಮನುಷ್ಯರ ಹಿಂದೆ ನುಡಿಸ್ದೆ. ನಂದೇ ಒಂದು ಅಂತ ಕೂತ್ರೆ ಫ್ರಿಜ್ ಹಿಂದೆ ನುಡಿಸಿದ್ದೀನಿ. ಯಾರಾದ್ರೂ ಮುಂದೆ ಇಲ್ದಿದ್ರೆ ನನಗೆ ಬರೋದೇ ಇಲ್ಲ."

ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ, ಮಾತು ಆಗಲೇ ಹೊರಬಿದ್ದಿತ್ತು. ಮೂರು ದಿನ ಅವಳು ಗಿಟಾರು ಮುಟ್ಟಲಿಲ್ಲ. ಒಂದನೇ ತಾರೀಕಿಗೆ ಹಾಕಿಕೊಂಡು ಹೋಗಲು ವೇದಿಕೆಯ ಕಪ್ಪು ಅಂಗಿಯನ್ನು ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕಿದಳು.

ತಡೆಯಲಾಗದೆ ಅವಳಿಗೆ ಹೇಳದೆ 'ಶ್' ಮಾಸ್ಟರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆ ಫ್ರಿಜ್ ನಾನು ನೋಡ್ಬೇಕಲ್ಲ" ಎಂದರು.

ಮೂವತ್ತನೇ ತಾರೀಕು ಮಧ್ಯಾಹ್ನ ಎರಡು ಚೀಲ, ಎರಡು ಮೈಕು, ಒಂದು ಲ್ಯಾಪ್‌ಟಾಪ್ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತ ನೆಟ್ಟಗೆ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಪಕ್ಕಕ್ಕೆ ಕಿವಿ ಒತ್ತಿ, ಕಣ್ಣುಮುಚ್ಚಿ ನಿಂತರು. ಅಮ್ಮ ನನ್ನ ಮುಖ ನೋಡಿದಳು.

"ಒಳ್ಳೇ ಸದ್ದು," ಎಂದರು ಮಾಸ್ಟರ್. "ಇಲ್ಲೇ ರೆಕಾರ್ಡ್ ಮಾಡೋಣಮ್ಮಾ. ಒಂದು ಮೈಕು ನಿನಗೆ, ಒಂದು ಇದಕ್ಕೆ."

"ಬೇಡ ಮಾಸ್ಟರ್," ಎಂದಳು ತಂಗಿ. "ಇದರ ಮೇಲೆ ಒರಗಿಕೊಂಡು ನುಡಿಸಿ, ನಂದು ಅಂತ ಹೆಸರು ಹಾಕ್ಕೊಳ್ಲಾ?"

"ನಿಂದೋ ಅದರದೋ ಅಂತ ಆಮೇಲೆ ಜಗಳ ಆಡು. ನನಗೆ ಒಂದು ಸಲ ಕೇಳ್ಬೇಕು. ಇಷ್ಟು ವಯಸ್ಸಾಗಿದೆ, ಮೂರು ಮಹಡಿ ಹತ್ತಿದ್ದೀನಿ."

ಆ ವಯಸ್ಸಿನ ಮಾತಿಗೆ ಅವಳು ಸೋತಳು. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ನನಗೆ ಸಿಕ್ಕ ಕೆಲಸ ಒಂದೇ, ನುಡಿಸುವಷ್ಟು ಹೊತ್ತು ಕಂಪ್ರೆಸರ್ ನಿಲ್ಲದಂತೆ ನೋಡಿಕೊಳ್ಳುವುದು. ಅದೇನು ಮಹಾ! ಫ್ರಿಜ್ಜಿನೊಳಗಿನ ತಿರುಪನ್ನು ಮೂರರಿಂದ ಏಳಕ್ಕೆ ತಿರುಗಿಸಿದೆ, ಬಾಗಿಲು ಒಂದು ಬೆರಳಷ್ಟು ತೆರೆದಿರಲೆಂದು ರಟ್ಟಿನ ಚೂರು ಸಿಕ್ಕಿಸಿದೆ. ಅಮ್ಮನಿಗೆ, "ಏನೇ ಆಗ್ಲಿ, ಸದ್ದು ಮಾಡ್ಬೇಡ" ಎಂದಷ್ಟೇ ಹೇಳಿದೆ, ಫ್ರಿಜ್ಜು ಯಾಕೆ ಓಡುತ್ತಿರಬೇಕೆಂದು ಬಿಡಿಸಿ ಹೇಳಲಿಲ್ಲ. ಅಮ್ಮ ಬಳೆಗಳನ್ನು ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು.

ಮೊದಲ ಸಲ ಕೆಳಗೆ ಯಾರೋ ಲಾರಿಯ ಹಾರ್ನ್ ಬಾರಿಸಿದರು. ಎರಡನೇ ಸಲ ನನಗೇ ಕೆಮ್ಮು ಬಂತು. ಮಾಸ್ಟರ್ ನನ್ನತ್ತ ತಿರುಗಿ "ಶ್" ಎಂದ ರೀತಿಗೆ ಕೆಮ್ಮು ಹೆದರಿ ಓಡಿತು. ಮೂರನೇ ಸಲ ಎಲ್ಲ ಸರಿಯಾಗಿ ಶುರುವಾಯಿತು. ಎರಡು ಬಾಗಿಲುಗಳ ನಡುವೆ ನಿಂತಿದ್ದ ನನಗೆ ಕೋಣೆಯೂ ಕಾಣುತ್ತಿತ್ತು, ಅಡುಗೆಮನೆಯೂ ಕಾಣುತ್ತಿತ್ತು. ತಂಗಿ ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ಅಷ್ಟರಲ್ಲಿ ಅಮ್ಮ ಎದ್ದಳು.

ಬರಿಗಾಲಲ್ಲಿ, ಬೆಕ್ಕಿನ ಹಾಗೆ, ಒಂದಿಷ್ಟೂ ಸದ್ದಿಲ್ಲದೆ ಫ್ರಿಜ್ಜಿನ ಕಡೆ ನಡೆದಳು. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಸಿಡುಕುವುದು ಅವಳ ಜೀವನದ ಅರ್ಧ ಕೆಲಸ. ಈಗ ಒಳಗಿನ ಲೈಟು ಸಂದಿನಲ್ಲಿ ಕಾಣುತ್ತಿದೆ, ಬೈಯುವಂತಿಲ್ಲ. ಪಾಪ, ಎಷ್ಟು ಹೊತ್ತು ತಡೆದುಕೊಂಡಾಳು! ನಾನು ಎರಡೂ ಕೈ ಬೀಸಿದೆ, ಕಣ್ಣು ಬಿಟ್ಟೆ, ತಲೆ ಅಲ್ಲಾಡಿಸಿದೆ. ಅವಳು ನನಗೇ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ರಟ್ಟು ತೆಗೆದು, ಒಳಗೆ ಕೈ ಹಾಕಿ ತಿರುಪನ್ನು ಏಳರಿಂದ ಮೂರಕ್ಕೆ ತಂದು, ಬಾಗಿಲನ್ನು ಹೂವಿನಂತೆ ಮುಚ್ಚಿದಳು. ಕಂಪ್ರೆಸರ್ ಒಮ್ಮೆ ನಡುಗಿ ನಿಂತಿತು.

ಮನೆ ಬೋರಲು ಹಾಕಿದ ಪಾತ್ರೆಯಂತೆ ಖಾಲಿಯಾಯಿತು. ತಂಗಿಯ ಕಣ್ಣು ತೆರೆಯಿತು. ಬೆರಳು ತಂತಿಯ ಮೇಲೆ ನಿಂತಿತು. ಮಾಸ್ಟರರ ಕೈ ಲ್ಯಾಪ್‌ಟಾಪಿನತ್ತ ಹೋಯಿತು, ಆದರೆ ನಿಲ್ಲಿಸಲಿಲ್ಲ. ಹೋಯಿತು, ಈಗ "ಬಿದ್ದುಹೋಯ್ತು" ಎನ್ನುತ್ತಾಳೆ, ಎದ್ದು ಹೋಗಿ ಆ ಕಪ್ಪು ಅಂಗಿ ಮಡಚಿ ಚೀಲಕ್ಕೆ ಹಾಕುತ್ತಾಳೆ ಎಂದುಕೊಂಡೆ.

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಅವಳು ಆ ತೆಳು ತಂತಿಯನ್ನು, ಇಷ್ಟು ದಿನ ಬರಿದಾಗಿ ಒಮ್ಮೆಯೂ ಮೀಟದ ತಂತಿಯನ್ನು, ಬಿಡಿಯಾಗಿ ಒಂದು ಸಲ ಮೀಟಿದಳು. ಅದು ಪೂರ್ತಿ ಅದುರಿ ಮುಗಿಯುವ ತನಕ ಕಾದಳು. ಮತ್ತೆ ಮೀಟಿದಳು. ಅದರ ಕೆಳಗೆ ದಪ್ಪ ತಂತಿಯ ಮೆಟ್ಟಿಲುಗಳು ಒಂದೊಂದಾಗಿ ಇಳಿಯತೊಡಗಿದವು, ಮೊದಲಿಗಿಂತ ನಿಧಾನವಾಗಿ. ಎರಡು ಕಡೆ ತಡವರಿಸಿದಳು, ಒಂದು ಸ್ವರ ಸ್ವಲ್ಪ ಒರಟಾಗಿ ಬಂತು. ಆದರೂ ಬೀಳಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಂಡರೆ ಅಂಗಿಯ ತೋಳು ಸದ್ದು ಮಾಡೀತೆಂದು ಹಾಗೇ ಬಿಟ್ಟೆ. ಕೊನೆಯ ಸ್ವರ ಪೂರ್ತಿ ಅಳಿದ ಮೇಲೆ ಮಾಸ್ಟರ್ ರೆಕಾರ್ಡಿಂಗ್ ನಿಲ್ಲಿಸಿದರು.

ಮೊದಲು ಬಾಯಿಬಿಟ್ಟವಳು ಅಮ್ಮ. "ಮೊಟ್ಟೆ ಎಲ್ಲಾ ಕಲ್ಲಾಗೋದು ಕಣೋ, ಏಳಕ್ಕೆ ಇಡ್ತಾರಾ ಯಾರಾದ್ರೂ?" ಎಂದವಳು ನಮ್ಮೆಲ್ಲರ ಮುಖ ನೋಡಿ ಗಾಬರಿಯಾದಳು. "ಯಾಕೆ? ನಾನು ಸದ್ದೇ ಮಾಡ್ಲಿಲ್ವಲ್ಲ. ಹಾಳು ಮಾಡಿದ್ನಾ ಪುಟ್ಟಿ?"

"ಇನ್ನೊಂದು ಸಲ ತಗೊಳ್ಳೋಣ," ಎಂದೆ ನಾನು. "ನಾನೇ ಫ್ರಿಜ್ ಮುಂದೆ ಕಾವಲು ಕೂತ್ಕೊಳ್ತೀನಿ."

"ಬೇಡ," ಎಂದಳು ತಂಗಿ.

"ನಡುವೆ ನಿಂತಿದ್ದು ಕೇಳೋರಿಗೆ ಗೊತ್ತಾಗುತ್ತಮ್ಮಾ," ಎಂದರು ಮಾಸ್ಟರ್.

"ಗೊತ್ತಾಗ್ಲಿ. ಎಷ್ಟು ಹೊತ್ತಿಗೆ ನಿಂತಿದ್ದು ಮಾಸ್ಟರ್?"

ಅವರು ಪರದೆಯ ಮೇಲೆ ಬೆರಳಿಟ್ಟು ನೋಡಿದರು. "ಎರಡು ನಿಮಿಷ ಹದಿನೆಂಟು ಸೆಕೆಂಡು."

"ಅಲ್ಲೀವರೆಗೂ ಜೊತೇಲಿ. ಅಲ್ಲಿಂದ ನಂದು," ಎಂದಳು. ಎದ್ದು ಬಂದು, ಇನ್ನೂ ಫ್ರಿಜ್ಜಿಗೆ ಒರಗಿ ನಿಂತಿದ್ದ ಅಮ್ಮನ ಹೆಗಲ ಮೇಲೆ ಹಣೆ ಇಟ್ಟಳು. ಅಮ್ಮನಿಗೆ ಏನೊಂದೂ ಅರ್ಥವಾಗದಿದ್ದರೂ ಬೆನ್ನು ಸವರಿದಳು.

ಆಮೇಲೆ ಫೋನು ತೆಗೆದು, ನಮ್ಮೆಲ್ಲರ ಎದುರಿಗೇ ಗಾಯಕರಿಗೆ ಹಚ್ಚಿದಳು. ಅವರು ಏನು ಕೇಳಿದರೋ, ನಮಗೆ ಕೇಳಿಸಿದ್ದು ಇವಳ ಮಾತಷ್ಟೇ.

"ಇಲ್ಲ ಸರ್, ನಾಳೆ ಬರಲ್ಲ. ಆಯ್ತು ಸರ್, ಈಗಷ್ಟೇ ಆಯ್ತು. ಪೂರ್ತಿ ಅಲ್ಲ, ಒಂದೂ ಮುಕ್ಕಾಲು ನಿಮಿಷ. ಹೌದು ಸರ್, ಅಷ್ಟೇ. ಅಷ್ಟು ಹೊತ್ತು ನನ್ನ ಮುಂದೆ ಯಾರೂ ಇರ್ಲಿಲ್ಲ."